ಮನೆ ಬರೆದಿಡುವ ಮೊದಲು ಒಂದು ಮಾತು

ಪುಟ್ಟು, ಪ್ಲೇನೋದ ಮನೆಗೆ ಟ್ರಾನ್ಸ್‌ಫರ್ ಆನ್ ಡೆತ್ ಡೀಡ್ ಮಾಡಿಸಿಬಿಡ್ತೀನಿ, ಟ್ರಸ್ಟು ಗಿಸ್ಟು ಏನೂ ಬೇಡ, ಮಕ್ಕಳು ದೊಡ್ಡವರಾಗುವ ತನಕ ಮೈಸೂರಿನ ತಮ್ಮನ ಹೆಸರು ಹಾಕಿರ್ತೀನಿ, ಆಮೇಲೆ ಬದಲಾಯಿಸಿಕೊಂಡರಾಯಿತು ಅಂದೆಯಲ್ಲ. ಯೋಚನೆ ಒಳ್ಳೆಯದೇ. ಮನೆ, ಮಕ್ಕಳು ಎರಡೂ ಇರುವವರು ನಲವತ್ತು ದಾಟಿದ ಮೇಲೂ ಇದನ್ನು ಯೋಚಿಸದಿದ್ದರೆ ಅದೇ ತಪ್ಪು. ಆದರೆ ನೀನು ಹೇಳಿದ ಆ ಒಂದು ಮಾತಿನಲ್ಲಿ ಎರಡು ಅಪಾಯಗಳಿವೆ. ತಮ್ಮನ ಹೆಸರು ಹಾಕುವುದು ಒಂದು. ಆಮೇಲೆ ಬದಲಾಯಿಸುತ್ತೇನೆ ಎಂಬ ಧೈರ್ಯ ಇನ್ನೊಂದು, ಅದೇ ದೊಡ್ಡದು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ‘ಸರಿ ಅತ್ತೆ’ ಅಂದುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಂಡತಿಯೂ ಓದಲಿ. ಮನೆ ಅವಳದೂ ಹೌದು.

ಮೊದಲು ಈ ಕಾಗದ ಏನು ಅಂತ ತಿಳಿದುಕೋ. ನಮ್ಮೂರಿನಲ್ಲಿ ಮನೆಯನ್ನು ಬೇಕಾದವರಿಗೆ ಕೊಡಲು ಎಲ್ಲರಿಗೂ ಗೊತ್ತಿರುವ ದಾರಿಗಳು ಎರಡು. ಒಂದು ದಾನಪತ್ರ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿ, ಪಡೆದವರು ಒಪ್ಪಿಕೊಂಡರೆ ಮನೆ ಅವತ್ತಿನಿಂದಲೇ ಅವರದು. ಮನಸ್ಸು ಬದಲಾಯಿತು ಅಂತ ಕೊಟ್ಟವರು ತಾವೊಬ್ಬರೇ ವಾಪಸ್ಸು ಪಡೆಯಲಾಗದು. ಇನ್ನೊಂದು ವಿಲ್. ಅದು ಸತ್ತ ಮೇಲೆ ಮಾತ್ರ ಜಾರಿಗೆ ಬರುತ್ತದೆ, ಬದುಕಿರುವ ತನಕ ಎಷ್ಟು ಸಲ ಬೇಕಾದರೂ ತಿದ್ದಬಹುದು, ನೋಂದಣಿಯೂ ಕಡ್ಡಾಯವಲ್ಲ. ಅಮೆರಿಕದ ಈ ಟ್ರಾನ್ಸ್‌ಫರ್ ಆನ್ ಡೆತ್, ಚಿಕ್ಕದಾಗಿ ಟಿಓಡಿ, ಡೀಡು ಇವೆರಡರ ನಡುವಿನದು. ದಾನಪತ್ರದ ಹಾಗೆ ಇದು ನೋಂದಣಿ ಆಗಲೇಬೇಕು. ವಿಲ್ಲಿನ ಹಾಗೆ ಸತ್ತ ಮೇಲೆ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ರದ್ದು ಮಾಡಬಹುದು.

ನೀನು ಬದುಕಿರುವಷ್ಟು ದಿನ ಮನೆ ಪೂರ್ತಿ ನಿನ್ನದೇ. ಮಾರು, ಬಾಡಿಗೆಗೆ ಕೊಡು, ಅದರ ಮೇಲೆ ಸಾಲ ತೆಗೆ. ಬೆನಿಫಿಷಿಯರಿಯನ್ನು, ಅಂದರೆ ನಿನ್ನ ನಂತರ ಮನೆ ಪಡೆಯುವವರನ್ನು, ಒಂದು ಮಾತು ಕೇಳಬೇಕಾಗಿಲ್ಲ. ಅವರ ಹೆಸರು ಬರೆದಿದ್ದೀನಿ ಅಂತ ಹೇಳಲೇಬೇಕೆಂದೂ ಟೆಕ್ಸಸ್ ಕಾನೂನು ಕೇಳುವುದಿಲ್ಲ. ಅವರಿಗೆ ಸಾಲ ಕೊಟ್ಟವರು ನಿನ್ನ ಮನೆ ಮುಟ್ಟುವ ಹಾಗಿಲ್ಲ. ವಾಸದ ಮನೆ ಅಂತ ನಿನಗೆ ಸಿಗುವ ಹೋಮ್‌ಸ್ಟೆಡ್ ತೆರಿಗೆ ರಿಯಾಯಿತಿಯೂ ಹಾಗೇ ಇರುತ್ತದೆ. ನೀನು ಹೋದ ಮೇಲೆ ಮನೆ ಪ್ರೊಬೇಟ್ ಕೋರ್ಟಿಗೆ ಹೋಗದೆ ನೇರವಾಗಿ ಅವರಿಗೆ ದಾಟುತ್ತದೆ. ಪ್ರೊಬೇಟ್ ಎಂದರೆ ತಿಂಗಳುಗಟ್ಟಲೆ ಕಾಯುವುದು, ವಕೀಲರ ಫೀಸು, ಮನೆಯ ವಿಷಯ ಊರಿಗೆಲ್ಲ ದಾಖಲೆ. ಅದನ್ನು ತಪ್ಪಿಸುವುದೇ ಈ ಡೀಡಿನ ಮುಖ್ಯ ಪ್ರಯೋಜನ.

ಇದು ತೀರಾ ಹೊಸದಲ್ಲ. ಮಿಸೌರಿ ರಾಜ್ಯ 1989ರಲ್ಲೇ ಇಂಥ ಕಾನೂನು ಮಾಡಿತು. 2009ರಲ್ಲಿ ಎಲ್ಲ ರಾಜ್ಯಗಳಿಗೂ ಒಂದು ಮಾದರಿ ಕಾಯಿದೆ ಸಿದ್ಧವಾಯಿತು. ನಮ್ಮ ಟೆಕ್ಸಸ್ಸಿನಲ್ಲಿ 2015ರ ಸೆಪ್ಟೆಂಬರ್ 1ರಿಂದ, ಕ್ಯಾಲಿಫೋರ್ನಿಯಾದಲ್ಲಿ 2016ರ ಜನವರಿಯಿಂದ, ನ್ಯೂಯಾರ್ಕಿನಲ್ಲಿ 2024ರ ಜುಲೈನಿಂದ ಜಾರಿಯಲ್ಲಿದೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಒಪ್ಪಿಕೊಂಡಿವೆ. ಫ್ಲಾರಿಡಾ, ಮಸಾಚುಸೆಟ್ಸ್ ಒಪ್ಪಿಲ್ಲ. ನೀನೆಲ್ಲಿದ್ದೀಯ ಅನ್ನುವುದಕ್ಕಿಂತ ಮನೆ ಎಲ್ಲಿದೆ ಅನ್ನುವುದೇ ಇಲ್ಲಿ ಮುಖ್ಯ. ಫ್ಲಾರಿಡಾದಲ್ಲಿ ಮನೆ ಮಾಡಿರುವ ನಿನ್ನ ಷಡ್ಡಕ ನಿನ್ನ ಕಾಗದ ನೋಡಿಕೊಂಡು ತಾನೂ ಒಂದು ಬರೆದರೆ ಅದಕ್ಕೆ ಅಲ್ಲಿ ಬೆಲೆಯಿಲ್ಲ.

ಕಾಗದ ನೋಡಲು ಬಹಳ ಸುಲಭ, ಎರಡು ಮೂರು ಪುಟ. ಆದರೆ ಎರಡು ಜಾಗಗಳಲ್ಲಿ ಕೈ ತಡೆದು ಬರೆ. ಒಂದು, ಆಸ್ತಿಯ ವಿವರ. ಮನೆ ನಂಬರು, ಬೀದಿ ಹೆಸರು ಬರೆದರೆ ಸಾಲದು. ನಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುವ ಹಾಗೆ ಇಲ್ಲಿ ಲಾಟ್ ಇಷ್ಟು, ಬ್ಲಾಕ್ ಇಷ್ಟು, ಇಂಥ ಅಡಿಷನ್, ಇಂಥ ಕೌಂಟಿಯ ಪ್ಲ್ಯಾಟ್ ದಾಖಲೆ ಅಂತ ಇರುತ್ತದೆ. ಮನೆ ಕೊಂಡಾಗ ಕೊಟ್ಟ ವಾರಂಟಿ ಡೀಡ್ ತೆಗೆದು ಅದರಲ್ಲಿರುವ ಹಾಗೆಯೇ, ಒಂದು ಚುಕ್ಕೆ ಆಚೀಚೆ ಆಗದಂತೆ ಇಳಿಸು. ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನಲ್ಲಿರುವ ಚುಟುಕು ವಿವರವನ್ನು ನಂಬಬೇಡ.

ಎರಡನೆಯದು ಹೆಸರು. ನಮ್ಮವರ ಹೆಸರಿನ ಪಾಡು ಗೊತ್ತಲ್ಲ. ಊರಿನದು, ಅಪ್ಪನದು ಇನಿಷಿಯಲ್ ಆಗಿ ಮುಂದೆ ನಿಂತಿರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಬಿಚ್ಚಿಕೊಂಡು ಸರ್‌ನೇಮ್ ಆಗಿರುತ್ತದೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಇನ್ನೊಂದು ಅವತಾರ. ನಿನ್ನ ಹೆಸರು ವಾರಂಟಿ ಡೀಡಿನಲ್ಲಿರುವಂತೆ ಇರಲಿ. ಬೆನಿಫಿಷಿಯರಿಯ ಹೆಸರು ಅವರ ಪಾಸ್‌ಪೋರ್ಟಿನಲ್ಲಿರುವಂತೆ ಪೂರ್ತಿ ಇರಲಿ. ‘ನನ್ನ ಮಕ್ಕಳಿಗೆ’ ಅಂತ ಬರೆದು ಬಿಡಬೇಡ, ಒಬ್ಬೊಬ್ಬರ ಹೆಸರನ್ನೂ ಬರೆ. ಮೊದಲನೆಯವರು ಇಲ್ಲವಾದರೆ ಯಾರಿಗೆ ಅನ್ನುವ ಬದಲಿ ಹೆಸರಿಗೂ ಜಾಗವಿರುತ್ತದೆ, ಅದನ್ನು ಖಾಲಿ ಬಿಡಬೇಡ. ಟೆಕ್ಸಸ್ಸಿನಲ್ಲಿ ಬೆನಿಫಿಷಿಯರಿ ನಿನಗಿಂತ ಕನಿಷ್ಠ 120 ಗಂಟೆ, ಅಂದರೆ ಐದು ದಿನ ಹೆಚ್ಚು ಬದುಕಿರಬೇಕು. ಒಂದೇ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ಹೋದರೆ ಬದಲಿ ಹೆಸರೇ ಗತಿ.

ಬರೆದಾದ ಮೇಲೆ ನೋಟರಿ ಮುಂದೆ ಸಹಿ. ಅದಾದ ಮೇಲೆ ಮೆಕಿನ್ನಿಗೆ ಹೋಗಿ ಕಾಲಿನ್ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ರಿಕಾರ್ಡ್ ಮಾಡಿಸಬೇಕು. ಖರ್ಚು ಹತ್ತಾರು ಡಾಲರ್ ಅಷ್ಟೆ. ಆದರೆ ಈ ಮೆಟ್ಟಿಲು ಹತ್ತದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಸಹಿ ಹಾಕಿ, ನೋಟರಿ ಮಾಡಿಸಿ, ಬೀರುವಿನಲ್ಲಿ ಪಾಸ್‌ಪೋರ್ಟುಗಳ ಪಕ್ಕ ಜೋಪಾನವಾಗಿ ಇಟ್ಟ ಡೀಡು ಡೀಡೇ ಅಲ್ಲ. ನೀನು ಬದುಕಿರುವಾಗಲೇ ಅದು ಕೌಂಟಿಯ ದಾಖಲೆ ಸೇರಿರಬೇಕು.

ಇನ್ನು ಗಂಡ ಹೆಂಡತಿ ವಿಷಯ. ಟೆಕ್ಸಸ್ಸಿನಲ್ಲಿ ಮದುವೆಯಾದ ಮೇಲೆ ದುಡಿದ ದುಡ್ಡಿನಲ್ಲಿ ಕೊಂಡ ಮನೆ ಇಬ್ಬರಿಗೂ ಸಮಪಾಲು. ನೀನೊಬ್ಬನೇ ಡೀಡು ಮಾಡಿದರೆ ಅದು ನಿನ್ನ ಪಾಲಿಗೆ ಮಾತ್ರ. ಅದನ್ನು ತಮ್ಮನಿಗೆ ಬರೆದೆ ಅಂತಿಟ್ಟುಕೋ. ನೀನು ಹೋದ ಮರುದಿನ ಅರ್ಧ ಮನೆ ನಿನ್ನ ಹೆಂಡತಿಯದು, ಅರ್ಧ ಮೈದುನನದು. ಹೋಮ್‌ಸ್ಟೆಡ್ ಹಕ್ಕಿನಿಂದ ಅವಳು ಬದುಕಿರುವ ತನಕ ಅಲ್ಲಿ ವಾಸ ಮಾಡಬಹುದು, ಯಾರೂ ಎಬ್ಬಿಸುವಂತಿಲ್ಲ. ಆದರೆ ಮಾರಬೇಕಾದರೆ ಮೈಸೂರಿನಿಂದ ಸಹಿ ಬರಬೇಕು. ತಮ್ಮ ಬಂಗಾರದಂಥವನೇ ಇರಬಹುದು, ನಾನೇ ಎತ್ತಿ ಆಡಿಸಿದವನು. ಆದರೂ ಇಂಥ ಇಕ್ಕಟ್ಟಿಗೆ ಅವಳನ್ನು ಸಿಕ್ಕಿಸಬೇಡ. ನೀನು ನಿನ್ನ ಪಾಲಿಗೆ ಅವಳ ಹೆಸರು ಬರೆ, ಅವಳು ಅವಳ ಪಾಲಿಗೆ ನಿನ್ನ ಹೆಸರು ಬರೆಯಲಿ. ಬದಲಿ ಯಾರು ಅನ್ನುವುದನ್ನು ಇಬ್ಬರೂ ಕೂತು ನಿರ್ಧರಿಸಿ.

ನಿನಗೆ ತಮ್ಮನ ಹೆಸರು ಯಾಕೆ ಹೊಳೆಯಿತು ಅಂತ ನನಗೆ ಗೊತ್ತು. ನಮ್ಮೂರಿನ ಬ್ಯಾಂಕಿನಲ್ಲಿ ಎಫ್.ಡಿ. ಇಡುವಾಗ ನಾಮಿನಿ ಅಂತ ಯಾರದಾದರೂ ಹೆಸರು ಕೊಡುತ್ತೇವೆ. ಅಲ್ಲಿ ನಾಮಿನಿ ದುಡ್ಡನ್ನು ಕೈಗೆ ತೆಗೆದುಕೊಳ್ಳುವವನು ಮಾತ್ರ, ಹಕ್ಕು ವಾರಸುದಾರರದ್ದು. ಆ ಅಭ್ಯಾಸದಲ್ಲಿ ಇಲ್ಲಿಯೂ ತಮ್ಮ ಮನೆ ನೋಡಿಕೊಂಡಿದ್ದು ಮಕ್ಕಳಿಗೆ ಕೊಡುತ್ತಾನೆ ಅಂದುಕೊಂಡಿದ್ದೀಯ. ಟಿಓಡಿ ಡೀಡಿನ ಬೆನಿಫಿಷಿಯರಿ ಅಂಥ ನಾಮಿನಿ ಅಲ್ಲ. ನೀನು ಕಣ್ಣು ಮುಚ್ಚಿದ ಮೇಲೆ ಅವನೇ ಮಾಲೀಕ. ಮಕ್ಕಳಿಗೆ ಕೊಡಬೇಕಾದ ಕಟ್ಟುಪಾಡು ಅವನ ಮೇಲೆ ಇಲ್ಲ. ಅವನು ಕೊಡುವವನೇ ಇರಬಹುದು, ಆದರೆ ಅಷ್ಟರಲ್ಲಿ ಅವನಿಗೇ ಏನಾದರೂ ಆದರೆ? ಆಗ ಮನೆ ಹೋಗುವುದು ಅವನ ಹೆಂಡತಿ ಮಕ್ಕಳಿಗೆ, ನಿನ್ನ ಮಕ್ಕಳಿಗಲ್ಲ. ಮೈಸೂರಿನಲ್ಲಿರುವವನು ಇಲ್ಲಿಯ ಮನೆ ಮಾರಿದರೆ ಮಾರಿದ ಮೊತ್ತದ ಶೇ. 15ರಷ್ಟನ್ನು ಸಾಮಾನ್ಯವಾಗಿ ಮೊದಲೇ ತೆರಿಗೆಗೆಂದು ಹಿಡಿದಿಟ್ಟುಕೊಳ್ಳುತ್ತಾರೆ. ಅದನ್ನು ಬಿಡಿಸಿಕೊಳ್ಳಲು ಇಲ್ಲಿಯ ರಿಟರ್ನ್ ತುಂಬಿಕೊಂಡು ಅವನು ಒದ್ದಾಡಬೇಕು.

ಹಾಗಂತ ಒಂಬತ್ತು, ಹದಿಮೂರು ವರ್ಷದ ಮಕ್ಕಳ ಹೆಸರನ್ನೇ ನೇರವಾಗಿ ಬರೆಯುವುದೂ ಸರಿಯಲ್ಲ. ಹದಿನೆಂಟು ತುಂಬದವರ ಕೈಗೆ ಮನೆ ಬಂದರೆ ಅದನ್ನು ನೋಡಿಕೊಳ್ಳಲು ಕೋರ್ಟು ಗಾರ್ಡಿಯನ್ ನೇಮಿಸಬೇಕಾಗಬಹುದು. ಯಾವ ಕೋರ್ಟಿನ ಬಾಗಿಲು ತಪ್ಪಿಸಲು ಹೊರಟೆಯೋ ಅದೇ ಬಾಗಿಲಿಗೆ ಮಕ್ಕಳನ್ನು ಕಳಿಸಿದಂತೆ. ನಿನ್ನ ಪರಿಸ್ಥಿತಿಗೆ ಒಂದು ಸಣ್ಣ ಟ್ರಸ್ಟೇ ಮೇಲು. ಡೀಡಿನಲ್ಲಿ ಬದಲಿ ಬೆನಿಫಿಷಿಯರಿಯಾಗಿ ಆ ಟ್ರಸ್ಟನ್ನೇ ಹೆಸರಿಸಬಹುದು. ತಮ್ಮನನ್ನು ಟ್ರಸ್ಟಿ ಮಾಡಬಹುದು. ಆಗ ಮನೆ ಅವನ ಕೈಯಲ್ಲಿರುತ್ತದೆ, ಹಕ್ಕು ಮಕ್ಕಳದ್ದಾಗಿರುತ್ತದೆ. ನೀನು ಬಯಸಿದ್ದೂ ಅದನ್ನೇ ಅಲ್ಲವೇ? ಇಷ್ಟಕ್ಕೆ ವಕೀಲರ ಒಂದೆರಡು ಗಂಟೆ ಬೇಕಾಗುತ್ತದೆ, ಅಲ್ಲಿ ಜುಗ್ಗತನ ಮಾಡಬೇಡ.

ಈಗ ಬಹಳ ಮುಖ್ಯವಾದದ್ದಕ್ಕೆ ಬಂದೆ. ಈ ಡೀಡನ್ನು ಯಾವಾಗ ಬೇಕಾದರೂ ರದ್ದು ಮಾಡಬಹುದು, ನಿಜ. ಆದರೆ ಹೇಗೆ ಬೇಕಾದರೆ ಹಾಗೆ ರದ್ದು ಮಾಡಲಾಗದು. ಯಾವ ಕಚೇರಿಯ ಪುಸ್ತಕದಲ್ಲಿ ಬರೆಸಿದೆಯೋ ಅದೇ ಪುಸ್ತಕದಲ್ಲಿ, ನೀನು ಬದುಕಿರುವಾಗಲೇ, ರದ್ದಾಯಿತು ಅಂತ ಬರೆಸಬೇಕು. ಟೆಕ್ಸಸ್ಸಿನಲ್ಲಿ ಅದಕ್ಕೆ ಮೂರು ದಾರಿ. ರದ್ದತಿ ಪತ್ರವನ್ನೇ ಬೇರೆಯಾಗಿ ಬರೆದು, ನೋಟರಿ ಮಾಡಿಸಿ, ರಿಕಾರ್ಡ್ ಮಾಡಿಸುವುದು ಒಂದು. ಹಳೆಯದನ್ನು ರದ್ದುಪಡಿಸುವ ಹೊಸ ಟಿಓಡಿ ಡೀಡನ್ನು ಅದೇ ರೀತಿ ರಿಕಾರ್ಡ್ ಮಾಡಿಸುವುದು ಇನ್ನೊಂದು. ಮನೆಯನ್ನೇ ಮಾರಿ ಅಥವಾ ಬೇರೆಯವರ ಹೆಸರಿಗೆ ಮಾಡಿ ಆ ಡೀಡು ರಿಕಾರ್ಡ್ ಆಗುವುದು ಮೂರನೆಯದು.

ನೀನಾಗಿ ರದ್ದು ಮಾಡಲು ಇವು ಬಿಟ್ಟು ಬೇರೆ ಯಾವುದೂ ನಡೆಯುವುದಿಲ್ಲ. ಡೀಡನ್ನು ಹರಿದು ಒಲೆಗೆ ಹಾಕಿದರೂ ಪ್ರಯೋಜನವಿಲ್ಲ, ಅದರ ಪ್ರತಿ ಕೌಂಟಿಯಲ್ಲಿ ಭದ್ರವಾಗಿದೆ. ನಾಲ್ಕು ಜನರ ಮುಂದೆ ‘ಇನ್ನು ಅದು ಬೇಡ’ ಅಂದರೂ ಆಗದು. ವಿಲ್ಲಿನಲ್ಲಿ ಬರೆದರೂ ಆಗದು. ಇದನ್ನು ಟೆಕ್ಸಸ್ ಕಾನೂನು ಬಾಯಿಬಿಟ್ಟು ಹೇಳುತ್ತದೆ: ವಿಲ್ ಈ ಡೀಡನ್ನು ರದ್ದು ಮಾಡಲಾರದು. ನಮ್ಮವರು ಜಾರುವುದು ಇಲ್ಲೇ. ಕೊನೆಗೆ ಬರೆದ ವಿಲ್ಲೇ ಕೊನೆಯ ಮಾತು ಅಂತ ನಾವು ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ಹೀಗೆಂದುಕೋ: 2026ರಲ್ಲಿ ತಮ್ಮನ ಹೆಸರಿಗೆ ಡೀಡು ಮಾಡಿಸಿದೆ. 2035ರಲ್ಲಿ ಚಿಕ್ಕವನಿಗೂ ಹದಿನೆಂಟಾಯಿತು. ದೊಡ್ಡ ವಕೀಲರ ಹತ್ತಿರ ಹೋಗಿ, ನನ್ನದೆಲ್ಲ ಮಕ್ಕಳಿಬ್ಬರಿಗೂ ಸಮವಾಗಿ ಅಂತ ಚೆನ್ನಾಗಿ ವಿಲ್ ಬರೆಸಿದೆ. ಡೀಡಿನ ಮಾತನ್ನು ಅವರು ಕೇಳಲಿಲ್ಲ, ನಿನಗೂ ನೆನಪಾಗಲಿಲ್ಲ. ನೀನು ಹೋದ ಮೇಲೆ ಬ್ಯಾಂಕು, ಕಾರು, ಚಿನ್ನ ಮಕ್ಕಳಿಗೆ ಬರುತ್ತದೆ. ನಿನ್ನ ಪಾಲಿನ ಮನೆ ಮಾತ್ರ ಚಿಕ್ಕಪ್ಪನಿಗೆ ಹೋಗುತ್ತದೆ. ಆಮೇಲೆ ಕಾಗದ ಹಿಡಿದು ಓಡಾಡುವುದೆಂದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ವಿಚ್ಛೇದನದ ಮಾತು ಬಾಯಲ್ಲಿ ಬರಬಾರದು, ಆದರೂ ನಾಲ್ಕು ಜನಕ್ಕೆ ಉಪಯೋಗವಾದೀತು ಅಂತ ಹೇಳುತ್ತೇನೆ. ಡೀಡಿನಲ್ಲಿ ಹೆಂಡತಿಯ ಹೆಸರಿದ್ದು ಆಮೇಲೆ ವಿಚ್ಛೇದನವಾದರೆ, ಕೋರ್ಟಿನ ತೀರ್ಪಿನಿಂದ ಅವಳ ಹೆಸರು ರದ್ದಾಗುತ್ತದೆ. ಆದರೆ ಯಾವಾಗ? ಆ ತೀರ್ಪಿನ ನೋಟಿಸನ್ನು ನೀನು ಬದುಕಿರುವಾಗಲೇ ಕೌಂಟಿಯ ಡೀಡ್ ದಾಖಲೆಯಲ್ಲಿ ಸೇರಿಸಿದ್ದರೆ ಮಾತ್ರ. ಕೋರ್ಟಿನಿಂದ ಮನೆಗೆ ಬಂದವರಿಗೆ ಇನ್ನೊಂದು ಕಚೇರಿಗೆ ಹೋಗುವ ಚೈತನ್ಯ ಇರುವುದಿಲ್ಲ. ಅದಕ್ಕೇ ಸುಮ್ಮನೆ ಹೊಸ ಡೀಡನ್ನೇ ಮಾಡಿಸುವುದು ಒಳ್ಳೆಯದು.

ಟ್ರಸ್ಟಿನ ವಿಷಯದಲ್ಲೂ ಹೀಗೇ. ನಾಳೆ ಮನೆಯನ್ನೇ ಬದುಕಿರುವಾಗಲೇ ಮಾಡುವ ಲಿವಿಂಗ್ ಟ್ರಸ್ಟಿಗೆ ಹಾಕಿದೆ ಅಂತಿಟ್ಟುಕೋ. ಮನೆಯನ್ನು ಟ್ರಸ್ಟಿನ ಹೆಸರಿಗೆ ಮಾಡಿದ ಡೀಡು ರಿಕಾರ್ಡ್ ಆದರೆ ಹಳೆಯ ಟಿಓಡಿ ತಾನಾಗಿಯೇ ಬಿದ್ದುಹೋಗುತ್ತದೆ, ಸಾಯುವಾಗ ಮನೆ ನಿನ್ನ ಹೆಸರಿನಲ್ಲಿ ಇರುವುದಿಲ್ಲವಲ್ಲ. ಆದರೆ ಟ್ರಸ್ಟಿನ ಕಾಗದದ ಕೊನೆಯ ಪಟ್ಟಿಯಲ್ಲಿ ಮನೆ ಅಂತ ಬರೆದು, ಡೀಡು ರಿಕಾರ್ಡ್ ಮಾಡಿಸದೆ ಬಿಟ್ಟರೆ ಜಗಳಕ್ಕೆ ನೀನೇ ಎಲೆ ಹಾಕಿ ಕರೆದ ಹಾಗೆ.

ಇನ್ನೊಂದು ಸೂಕ್ಷ್ಮ ಇದೆ. ರದ್ದು ಮಾಡುವ ಅವಕಾಶ ಸಾಯುವ ತನಕ ಇದೆ ಅನ್ನುವುದು ಕಾಗದದ ಮಾತು. ಟೆಕ್ಸಸ್ಸಿನಲ್ಲಿ ಈ ಡೀಡು ಮಾಡಲೂ, ರದ್ದು ಮಾಡಲೂ, ಒಂದು ಕರಾರು ಮಾಡಿಕೊಳ್ಳುವಷ್ಟು ಬುದ್ಧಿ ಸ್ವಾಧೀನ ಇರಬೇಕು. ಮರೆವಿನ ಕಾಯಿಲೆ ಹಿಡಿದ ಮೇಲೆ ಆ ಬಾಗಿಲು ಮುಚ್ಚಿತು. ಪವರ್ ಆಫ್ ಅಟಾರ್ನಿ ಇದೆ, ಮಗಳು ಹೊಸ ಡೀಡು ಮಾಡುತ್ತಾಳೆ ಅಂದರೆ ಅದೂ ನಡೆಯದು. ಪವರ್ ಆಫ್ ಅಟಾರ್ನಿಯ ಬಲದಿಂದ ಟಿಓಡಿ ಡೀಡು ಮಾಡುವಂತಿಲ್ಲ ಅಂತ ಕಾನೂನಿದೆ. ನೀನೇ ಸಹಿ ಹಾಕಬೇಕು. ಊರಿಗೆ ಹೋಗಿ ನೆಲೆಸಿದ ಮೇಲೆ ನೆನಪಾದರೆ ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ವರೆಗೆ ಹೋಗಿ ಅಲ್ಲಿಯ ನೋಟರಿ ಮುಂದೆ ಸಹಿ ಹಾಕಿ, ಕಾಗದವನ್ನು ಮೆಕಿನ್ನಿಗೆ ಕಳಿಸುವ ಪಾಡು.

ಸ್ಯಾನ್ ಹೋಸೆಯ ನಿನ್ನ ಅಕ್ಕನಿಗೂ ಇದನ್ನು ಓದಿಸು, ಆದರೆ ಅವಳ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ನೋಟರಿ ಜೊತೆಗೆ 2022ರಿಂದ ಇಬ್ಬರು ಸಾಕ್ಷಿಗಳೂ ಬೇಕು. ನೋಟರಿಯಾದ 60 ದಿನದೊಳಗೆ ರಿಕಾರ್ಡ್ ಆಗದಿದ್ದರೆ ಡೀಡು ಅಸಿಂಧು. ರದ್ದತಿ ಪತ್ರಕ್ಕೂ ಇದೇ ಕ್ರಮ. ಗಂಡ ಹೆಂಡತಿ ಜಾಯಿಂಟ್ ಟೆನೆನ್ಸಿಯಲ್ಲೋ, ಒಬ್ಬರ ನಂತರ ಇನ್ನೊಬ್ಬರಿಗೆ ತಾನಾಗಿ ದಾಟುವ ಸರ್ವೈವರ್‌ಶಿಪ್ ಹಕ್ಕಿನ ಕಮ್ಯುನಿಟಿ ಪ್ರಾಪರ್ಟಿಯಲ್ಲೋ ಮನೆ ಇಟ್ಟುಕೊಂಡಿರುವಾಗ ಒಬ್ಬರು ತೀರಿಕೊಂಡರೆ, ಅವರು ಮಾಡಿದ ಟಿಓಡಿ ಡೀಡಿಗೆ ಅಲ್ಲಿ ಜೀವವೇ ಇಲ್ಲ. ಮನೆ ಉಳಿದವರಿಗೆ ಹೋಗುತ್ತದೆ. ಅಲ್ಲಿಯ ಪ್ರಾಪರ್ಟಿ ಟ್ಯಾಕ್ಸಿನ ಹಳೆಯ ಕಡಿಮೆ ದರ ಮಕ್ಕಳಿಗೆ ಮುಂದುವರಿಯಬೇಕಾದರೆ, 2021ರ ಫೆಬ್ರುವರಿಯಿಂದ, ಅವರು ಆ ಮನೆಯಲ್ಲೇ ವಾಸ ಮಾಡಬೇಕು. ಅದಕ್ಕೂ ಒಂದು ಮಿತಿಯಿದೆ.

ತೆರಿಗೆಯ ಬಗ್ಗೆ ಎರಡೇ ಮಾತು. ಈಗಲೇ ಮಗಳ ಹೆಸರನ್ನು ಮನೆಯ ಒಡೆತನದ ಡೀಡಿಗೆ ಸೇರಿಸಿಬಿಡು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಎರಡು ಲಕ್ಷ ಡಾಲರಿಗೆ ಕೊಂಡ ಮನೆ ಆರು ಲಕ್ಷವಾಗಿದೆ ಅಂತಿಟ್ಟುಕೋ. ಬದುಕಿರುವಾಗಲೇ ದಾನ ಮಾಡಿದರೆ ಅವಳ ಲೆಕ್ಕದಲ್ಲೂ ಕೊಂಡ ಬೆಲೆ ಎರಡು ಲಕ್ಷವೇ. ಮಾರಿದಾಗ ನಾಲ್ಕು ಲಕ್ಷ ಲಾಭ ಅಂತ ತೆರಿಗೆ. ಟಿಓಡಿ ಮೂಲಕ ನಿನ್ನ ನಂತರ ಬಂದರೆ ನೀನು ತೀರಿಕೊಂಡ ದಿನದ ಬೆಲೆಯೇ ಅವಳ ಬೆಲೆ. ಆರು ಲಕ್ಷಕ್ಕೆ ಮಾರಿದರೆ ಲಾಭ ಸೊನ್ನೆ. ಮನೆ ಸಾಲ ಉಳಿದಿದ್ದರೆ ಅದೂ ಮನೆಯ ಜೊತೆಯಲ್ಲೇ ಬರುತ್ತದೆ, ಅದು ನೆನಪಿರಲಿ.

ಇನ್ನೊಂದು ಮಾತು ನಿಮ್ಮಂಥ ಗ್ರೀನ್ ಕಾರ್ಡಿನವರಿಗೆ. ಇಲ್ಲೇ ನೆಲೆಸಿರುವಷ್ಟು ದಿನ ಫೆಡರಲ್ ಎಸ್ಟೇಟ್ ತೆರಿಗೆಯ ಚಿಂತೆಯಿಲ್ಲ. 2026ರಲ್ಲಿ ಒಂದೂವರೆ ಕೋಟಿ ಡಾಲರ್ ತನಕ ವಿನಾಯಿತಿ ಇದೆ. ಆದರೆ ಸಿಟಿಜನ್ ಆಗದೆ, ಗ್ರೀನ್ ಕಾರ್ಡ್ ಬಿಟ್ಟು, ಮೈಸೂರಿಗೇ ಹೋಗಿ ನೆಲೆಸಿ ಇಲ್ಲಿಯ ಮನೆ ಉಳಿಸಿಕೊಂಡರೆ ಆ ವಿನಾಯಿತಿ ಬರೀ 60,000 ಡಾಲರಿಗೆ ಇಳಿಯುತ್ತದೆ. ಟಿಓಡಿ ಡೀಡು ಕೋರ್ಟನ್ನು ತಪ್ಪಿಸುತ್ತದೆ, ಈ ತೆರಿಗೆಯನ್ನಲ್ಲ. ಊರಿಗೆ ಹೊರಡುವ ಯೋಚನೆ ಗಟ್ಟಿಯಾದ ದಿನ ಮೊದಲು ಟ್ಯಾಕ್ಸ್ ಬಲ್ಲವರನ್ನು ಕಾಣು. ಮೈಸೂರಿನ ಸೈಟನ್ನಂತೂ ಇಲ್ಲಿಯ ಯಾವ ಡೀಡೂ ಮುಟ್ಟುವುದಿಲ್ಲ. ಅದಕ್ಕೆ ಅಲ್ಲಿಯ ಕಾನೂನಿನ ಪ್ರಕಾರ ಇಬ್ಬರು ಸಾಕ್ಷಿಗಳ ಸಹಿಯ ವಿಲ್ ಬೇರೆಯಾಗಿಯೇ ಮಾಡಿಸು.

ಈ ತಿಂಗಳಲ್ಲೇ ಮಾಡಬೇಕಾದದ್ದು ಇಷ್ಟು. ವಾರಂಟಿ ಡೀಡು ತೆಗೆದು ಮನೆ ಯಾರ ಹೆಸರಿನಲ್ಲಿ ಹೇಗಿದೆ ನೋಡು. ಇಬ್ಬರೂ ಕೂತು ಮೊದಲ ಹೆಸರು, ಬದಲಿ ಹೆಸರು ತೀರ್ಮಾನಿಸಿ. ಮಕ್ಕಳ ಟ್ರಸ್ಟಿನ ವಿಷಯಕ್ಕೆ ವಕೀಲರನ್ನು ಕಾಣಿ. ರಿಕಾರ್ಡ್ ಆಗಿ ಬಂದ ಪ್ರತಿಯ ಮೇಲೆ ಕೌಂಟಿಯ ದಾಖಲೆ ಸಂಖ್ಯೆ ಇರುತ್ತದೆ. ಅದನ್ನು ನಿಮ್ಮ ವಿಲ್ಲಿನ ಜೊತೆಯಲ್ಲೇ ಇಡಿ, ಮುಂದೆ ವಿಲ್ ಬದಲಾಯಿಸಲು ಹೋದಾಗ ವಕೀಲರ ಕಣ್ಣಿಗೆ ಅದೇ ಮೊದಲು ಬೀಳಲಿ. ಆಮೇಲೆ ಮನೆಯಲ್ಲಿ ಹುಟ್ಟು, ಸಾವು, ಮದುವೆ, ವಿಚ್ಛೇದನ ಏನೇ ಆಗಲಿ, ಮನೆ ಮೇಲೆ ಹೊಸ ಸಾಲ ಬರಲಿ, ರಾಜ್ಯ ಬದಲಾಗಲಿ, ಆ ಡೀಡನ್ನು ಒಮ್ಮೆ ತೆರೆದು ಓದು. ಇವತ್ತಿನ ಮನಸ್ಸಿಗೆ ಒಪ್ಪಿದರೆ ಮುಚ್ಚಿಡು. ಒಪ್ಪದಿದ್ದರೆ ಆ ವಾರವೇ ನೋಟರಿ, ಆ ವಾರವೇ ಕೌಂಟಿ. ತಮ್ಮನಿಗೆ ಟ್ರಸ್ಟಿಯಾಗಲು ಒಪ್ಪಿಗೆಯೇ ಅಂತ ಮೊದಲು ಬಾಯಿಬಿಟ್ಟು ಕೇಳು. ಅವನು ಬೇಸರ ಮಾಡಿಕೊಂಡರೆ ನನಗೆ ಫೋನ್ ಮಾಡಿಸು, ಅವನಿಗೆ ನಾನು ಹೇಳುತ್ತೇನೆ.